ಹೊಲಿಗೆ ಅಂಗಡಿಗೊಂದು ವೆಬ್‌ಸೈಟ್: ಮೊದಲು ಅಳತೆಯ ಪುಟ, ಆಮೇಲೆ ಉಳಿದದ್ದು

ಟೈಲರ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಇಳಿದಾಗ ನನಗೆ ಟೇಪು ಸರಿಯಾಗಿ ಹಿಡಿಯಲೂ ಬರುತ್ತಿರಲಿಲ್ಲ. ಮೊದಲ ಸೈಟು ನೋಡಲು ಚೆನ್ನಾಗಿಯೇ ಇತ್ತು. ಮುಖಪುಟದಲ್ಲಿ ಕೋಟು ತೊಟ್ಟ ಮಾಡೆಲ್, ಕೆಳಗೆ ಫೋಟೊಗಳ ಸಾಲು, ಕೊನೆಯಲ್ಲಿ ‘ಆರ್ಡರ್ ಮಾಡಿ’ ಎಂಬ ಗುಂಡಿ. ಒತ್ತಿದರೆ ಎದೆ, ಸೊಂಟ, ತೋಳು ಎಂದು ಬರೆದ ಖಾಲಿ ಚೌಕಗಳು. ಅಷ್ಟೇ.

ಮೊದಲ ತಿಂಗಳಲ್ಲೇ ಒಬ್ಬ ಗ್ರಾಹಕರು ಎದೆಯ ಚೌಕದಲ್ಲಿ 44 ಎಂದು ತುಂಬಿದರು. ಟೈಲರ್ ಅದನ್ನು ಮೈ ಅಳತೆ ಎಂದುಕೊಂಡು, ತಮ್ಮ ರೂಢಿಯಂತೆ ನಾಲ್ಕು ಇಂಚು ಸಡಿಲ ಸೇರಿಸಿ 48ಕ್ಕೆ ಕತ್ತರಿಸಿದರು. ಗ್ರಾಹಕರು ಅಳೆದಿದ್ದು ಮಾತ್ರ ಬೀರುವಿನಲ್ಲಿದ್ದ ಹಳೆಯ ಶರ್ಟನ್ನು. ಅದರಲ್ಲಿ ಆ ಸಡಿಲ ಮೊದಲೇ ಸೇರಿತ್ತು. ತಲುಪಿದ ಶರ್ಟು ಗೋಣಿಚೀಲದಂತಿತ್ತು. ಯಾರನ್ನೂ ದೂರುವಂತಿರಲಿಲ್ಲ, ‘ಮೈಯನ್ನು ಅಳೆಯಿರಿ, ಬಟ್ಟೆಯನ್ನಲ್ಲ’ ಎಂಬ ಒಂದು ಸಾಲು ಬರೆಯದೆ ಬಿಟ್ಟವನು ನಾನು.

ಆಮೇಲಿನಿಂದ ಸೈಟು ಕಟ್ಟುವ ಕ್ರಮವನ್ನೇ ತಿರುಗಿಸಿದ್ದೇನೆ. ಅಳತೆಯ ಪುಟ ಮೊದಲು, ಮುಖಪುಟ ಕಟ್ಟಕಡೆಗೆ. ಸಿದ್ಧ ಉಡುಪು ಮಾರುವವರ ಸೈಟು ಇರುವ ವಸ್ತುವನ್ನು ತೋರಿಸಿದರೆ ಸಾಕು. ಟೈಲರ್‌ನ ಸೈಟು ಇನ್ನೂ ಹುಟ್ಟಿರದ ಬಟ್ಟೆಯನ್ನು ಮಾರಬೇಕು. ‘ಇದು ನನ್ನ ಮೈಗೆ ಕೂರುತ್ತದಾ, ಕೂರದಿದ್ದರೆ ಏನು ಗತಿ’ ಎಂಬುದೇ ಬರುವವರ ಮನಸ್ಸಿನಲ್ಲಿರುವ ಪ್ರಶ್ನೆ. ಕೆಳಗಿನ ಹಂತಗಳೆಲ್ಲ ಅದರ ಸುತ್ತಲೇ ಇವೆ.

ಹಂತ 1: ನೀವು ಮಾಡುವ ಕೆಲಸಕ್ಕೆ ಸರಿಯಾದ ಹೆಸರಿಡಿ

ಹೊಲಿದು ಕೊಡುವುದರಲ್ಲಿ ಮೂರು ಬಗೆ ಇದೆ. ಗ್ರಾಹಕರ ಮೈಗೆಂದೇ ಹೊಸದಾಗಿ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಕಾಗದದ ನಕ್ಷೆ) ಬರೆದು, ಕಚ್ಚಾ ಹೊಲಿಗೆ ಹಾಕಿ, ಒಂದೆರಡು ಟ್ರಯಲ್ ನೋಡಿ ಹೊಲಿಯುವುದು ಒಂದು. ಇರುವ ಪ್ಯಾಟರ್ನನ್ನೇ ಗ್ರಾಹಕರ ಅಳತೆಗೆ ಹಿಗ್ಗಿಸಿ ಕುಗ್ಗಿಸಿ ಕತ್ತರಿಸುವುದು ಇನ್ನೊಂದು. ಹೊಲಿದ ಬಟ್ಟೆಯನ್ನು ಸರಿಪಡಿಸುವ ಆಲ್ಟರೇಷನ್ ಮೂರನೆಯದು. ಮೊದಲನೆಯದಕ್ಕೆ ‘ಬೆಸ್ಪೋಕ್’, ಎರಡನೆಯದಕ್ಕೆ ‘ಮೇಡ್ ಟು ಮೆಷರ್’ ಎಂಬ ಹೆಸರುಗಳಿವೆ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಟೈಲರ್‌ಗಳು ಈ ಗೆರೆಯನ್ನು ಬಹಳ ಹಟದಿಂದ ಕಾಯುತ್ತಾರೆ. ಆದರೆ 2008ರಲ್ಲಿ ಬ್ರಿಟನ್ನಿನ ಜಾಹೀರಾತು ನಿಗಾ ಸಂಸ್ಥೆ, ಯಂತ್ರದಲ್ಲಿ ಕತ್ತರಿಸಿ ಅಳತೆಗೆ ಹೊಲಿದ ಸೂಟನ್ನೂ ‘ಬೆಸ್ಪೋಕ್’ ಎಂದು ಕರೆದುಕೊಳ್ಳಬಹುದು ಎಂದುಬಿಟ್ಟಿತು. ಅಲ್ಲಿಂದ ಆ ಪದದ ತೂಕ ಇಳಿದಿದೆ. ಹಾಗಾಗಿ ಮೆರುಗಿನ ಹೆಸರಿಗಿಂತ ಮಾಡುವ ಕೆಲಸವನ್ನೇ ಹೇಳಿ: ‘ನಿಮ್ಮ ಹೆಸರಿನ ಪ್ಯಾಟರ್ನ್ ಬರೆಯುತ್ತೇವೆ, ಎರಡು ಟ್ರಯಲ್ ಇರುತ್ತದೆ.’

ಇದನ್ನು ತೀರ್ಮಾನಿಸಿದರೆ ಸೈಟಿನ ಅರ್ಧ ನಕ್ಷೆ ತಯಾರು. ಟ್ರಯಲ್ ಬೇಕಾದ ಕೆಲಸಕ್ಕೆ ಆನ್‌ಲೈನ್ ಆರ್ಡರ್ ಕೊಡಬೇಡಿ. ಭೇಟಿಯ ಸಮಯ ಕಾದಿರಿಸುವ ಪುಟ ಕೊಡಿ. ಶರ್ಟು, ಪ್ಯಾಂಟಿನಂಥವನ್ನು ದೂರದಿಂದಲೇ ಹೊಲಿದು ಕಳಿಸಬಹುದು. ಕೋಟನ್ನು, ಮೈಗೆ ಅಂಟಿದಂತೆ ಕೂರಬೇಕಾದ ಉಡುಪನ್ನು ಮೊದಲ ಸಲವೇ ದೂರದಿಂದ ಒಪ್ಪಿಕೊಳ್ಳುವ ಟೈಲರ್‌ಗಳನ್ನು ಕಂಡರೆ ನನಗೆ ಧೈರ್ಯ ಮೆಚ್ಚಬೇಕೆನ್ನಿಸುತ್ತದೆ, ಸಲಹೆ ಮಾತ್ರ ಕೊಡಲಾರೆ.

ಹಂತ 2: ಅಳತೆಯ ಪುಟ

ಸಮಯವೆಲ್ಲ ಇಲ್ಲಿ ಹೋಗಲಿ.

ಎರಡು ದಾರಿ ಕೊಡಿ, ಎರಡನ್ನೂ ಬೆರೆಸಬೇಡಿ. ಒಂದು ಮೈ ಅಳತೆ. ಇನ್ನೊಂದು, ಈಗಾಗಲೇ ಚೆನ್ನಾಗಿ ಕೂರುವ ಬಟ್ಟೆಯ ಅಳತೆ. ಪುಟ ತೆರೆದ ಕೂಡಲೇ ಯಾವುದೆಂದು ಕೇಳಿ, ಆಯ್ದ ಮೇಲೆ ಆ ದಾರಿಯ ಚಿತ್ರಗಳನ್ನಷ್ಟೇ ತೋರಿಸಿ. ಬಟ್ಟೆಯ ದಾರಿಯಲ್ಲಿ ಶರ್ಟಿನ ಗುಂಡಿಗಳನ್ನೆಲ್ಲ ಹಾಕಿ, ಗಟ್ಟಿ ಮೇಜಿನ ಮೇಲೆ ಹರಡಿ, ಸುಕ್ಕು ಸವರಿ, ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದರವರೆಗೆ ಅಳೆಯಲು ಹೇಳಬೇಕು. ಬರುವ ಸಂಖ್ಯೆ ಸುತ್ತಳತೆಯ ಅರ್ಧ. ದುಪ್ಪಟ್ಟು ಮಾಡುವ ಕೆಲಸವನ್ನು ಗ್ರಾಹಕರಿಗೆ ಬಿಡಬೇಡಿ. ಕೆಲವರು ಮಾಡುತ್ತಾರೆ, ಕೆಲವರು ಮರೆಯುತ್ತಾರೆ. ಕಂಡ ಸಂಖ್ಯೆಯನ್ನು ಹಾಗೇ ತುಂಬಲಿ, ಗುಣಾಕಾರ ಸೈಟೇ ಮಾಡಲಿ.

ಮೊದಲು ಟೇಪಿನ ವಿಚಾರ. ವರ್ಷಗಟ್ಟಲೆ ಎಳೆದಾಡಿದ ಟೇಪು ಹಿಗ್ಗಿರುತ್ತದೆ. ಅದನ್ನು ಪರೀಕ್ಷಿಸಲು ಸುಲಭದ ಉಪಾಯವಿದೆ: ಎ4 ಹಾಳೆಯ ಉದ್ದ 29.7 ಸೆಂ.ಮೀ., ಅಗಲ 21 ಸೆಂ.ಮೀ. ಅಳತೆ ಶುರುವಾಗುವ ಮೊದಲೇ ‘ನಿಮ್ಮ ಟೇಪಿನಲ್ಲಿ ಹಾಳೆಯ ಉದ್ದ ಎಷ್ಟು ಬರುತ್ತದೆ ನೋಡಿ’ ಎಂದು ಕೇಳಿ. ಇದರಿಂದ ಇನ್ನೊಂದು ಲಾಭವೂ ಇದೆ. ಟೇಪಿನ ತುದಿಯ ತಗಡಿನ ಪಟ್ಟಿಯನ್ನು ಬಿಟ್ಟು ಅಳೆಯುವ ಅಭ್ಯಾಸ ಕೆಲವರಿಗಿದೆ. ಅದು ಇಲ್ಲೇ ಸಿಕ್ಕಿಬೀಳುತ್ತದೆ.

ಒಂದು ತೆರೆಗೆ ಒಂದೇ ಅಳತೆ. ಮೇಲೆ ಚಿತ್ರ, ಕೆಳಗೆ ಎರಡು ಸಾಲು, ಅದರ ಕೆಳಗೆ ಚೌಕ. ಉದಾಹರಣೆಗೆ ಕುತ್ತಿಗೆಗೆ ಹೀಗೆ ಬರೆಯಬಹುದು: ‘ಕಾಲರ್ ಕೂರುವ ಜಾಗದಲ್ಲಿ ಟೇಪು ಸುತ್ತಿ. ಟೇಪಿಗೂ ಕುತ್ತಿಗೆಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ ಇರಲಿ.’ ಎದೆಗೆ: ‘ಕಂಕುಳ ಕೆಳಗೆ, ಎದೆಯ ತುಂಬಿದ ಭಾಗದ ಮೇಲೆ. ಬೆನ್ನ ಹಿಂದೆ ಟೇಪು ಇಳಿಬೀಳದಿರಲಿ. ಉಸಿರು ಬಿಗಿಹಿಡಿಯಬೇಡಿ.’ ಸೊಂಟದ ವಿಷಯದಲ್ಲಿ ಜನ ಎಡವುವುದು ಜಾಸ್ತಿ. ದೇಹದ ಸೊಂಟ ಒಂದು ಕಡೆ ಇರುತ್ತದೆ, ಪ್ಯಾಂಟು ಕಟ್ಟುವ ಜಾಗ ಹಲವರಿಗೆ ಅದಕ್ಕಿಂತ ಕೆಳಗಿರುತ್ತದೆ. ‘ನೀವು ಪ್ಯಾಂಟು ತೊಡುವ ಜಾಗದಲ್ಲಿ’ ಎಂದು ಬರೆದುಬಿಡಿ, ‘ಸೊಂಟ’ ಎಂಬ ಒಂಟಿ ಪದವನ್ನು ನಂಬಬೇಡಿ. ತೋಳಿನ ಉದ್ದ, ಭುಜ, ಬೆನ್ನಿನ ಅಗಲ ಇವನ್ನು ತಾವೇ ಅಳೆದುಕೊಳ್ಳುವುದು ಕಷ್ಟ. ಜೊತೆಗೆ ಇನ್ನೊಬ್ಬರು ಬೇಕು ಎಂಬುದನ್ನು ಶುರುವಿನಲ್ಲೇ ತಿಳಿಸಿ. ಅರ್ಧ ತುಂಬಿದ ಮೇಲೆ ಅದು ಗೊತ್ತಾದರೆ ಜನ ಪುಟ ಮುಚ್ಚಿ ಎದ್ದುಹೋಗುತ್ತಾರೆ. ಅರ್ಧದಲ್ಲಿ ಎದ್ದುಹೋದವರ ಅಂಕಿಗಳು ಅಳಿಸದೆ ಉಳಿದಿರಲಿ.

ಇಂಚೋ ಸೆಂಟಿಮೀಟರೋ ಎಂಬ ಆಯ್ಕೆ ಒಂದೇ ಸಲ, ಎದ್ದು ಕಾಣುವ ಹಾಗೆ ಇರಲಿ. ಒಂದು ಇಂಚಿಗೆ 2.54 ಸೆಂ.ಮೀ. ಆದ್ದರಿಂದ ಈ ಎರಡನ್ನು ಅದಲುಬದಲು ಮಾಡಿದ್ದನ್ನು ಹಿಡಿಯುವುದು ಸುಲಭ: ಸೆಂ.ಮೀ. ಆಯ್ದು ಎದೆಗೆ 38 ಎಂದು ತುಂಬಿದವರು ಇಂಚನ್ನೇ ಬರೆದಿದ್ದಾರೆ, ಏಕೆಂದರೆ 38 ಸೆಂ.ಮೀ. ಎಂದರೆ ಹದಿನೈದೇ ಇಂಚು. ಅಂಥ ಕಡೆ ಕೆಂಪು ಅಕ್ಷರದಲ್ಲಿ ‘ತಪ್ಪು’ ಎಂದು ಗದರಬೇಡಿ. ‘38 ಇಂಚು ಎಂದುಕೊಳ್ಳೋಣವೇ?’ ಎಂದು ಕೇಳಿ. ಅಪರೂಪದ ಮೈಕಟ್ಟಿನವರು ಇದ್ದೇ ಇರುತ್ತಾರೆ, ಟೈಲರ್ ಹತ್ತಿರ ಬರುವವರಲ್ಲಿ ಅವರೇ ಹೆಚ್ಚು. ರೆಡಿಮೇಡ್ ಹೊಂದುವುದಿಲ್ಲ ಎಂದು ಬಂದವರನ್ನು ಫಾರಂ ಕೂಡ ‘ನಿಮ್ಮ ಅಳತೆ ಸರಿಯಿಲ್ಲ’ ಎಂದು ತಳ್ಳಿದರೆ ಹೇಗಿರುತ್ತದೆ! ಕೇಳಿ, ತಡೆಯಬೇಡಿ.

ಬಿಂದುವಿನ ಕಾಟ ಬೇರೆಯೇ ಇದೆ. ಟೇಪಿನಲ್ಲಿ ಇಂಚಿಗೆ ಎಂಟು ಗೆರೆ. ಹದಿನೈದೂಕಾಲು ಇಂಚನ್ನು ಒಬ್ಬರು 15.25 ಎಂದು ಬರೆಯುತ್ತಾರೆ. ಕಾಲು ಒಂದು ಎಂಬ ಲೆಕ್ಕದಲ್ಲಿ 15.1 ಎನ್ನುವವರೂ ಉಂಟು. ಎಂಟರಲ್ಲಿ ಎರಡು ಗೆರೆ ಎಂದು 15.2 ಬರೆಯುವವರೂ ಉಂಟು. ಮೂರೂ ಅವರವರ ಲೆಕ್ಕದಲ್ಲಿ ಸರಿಯೇ. ಇಂಚಿನಲ್ಲಿ ತುಂಬುವವರಿಗೆ ಬಿಂದು ಒತ್ತಲು ಅವಕಾಶವನ್ನೇ ಕೊಡಬೇಡಿ. ಪೂರ್ಣ ಇಂಚಿಗೆ ಒಂದು ಚೌಕ, ಪಕ್ಕದಲ್ಲಿ ‘ಇಲ್ಲ, ಕಾಲು, ಅರ್ಧ, ಮುಕ್ಕಾಲು’ ಎಂಬ ನಾಲ್ಕು ಆಯ್ಕೆ. ಫೋನಿನಲ್ಲಿ ಆ ಚೌಕ ಒತ್ತಿದಾಗ ಅಕ್ಷರಗಳ ಕೀಲಿಮಣೆ ಬರದೆ ಅಂಕಿಗಳದ್ದೇ ಬರಬೇಕು. ಪ್ರೋಗ್ರಾಂ ಬರೆಯುವವರಿಗೆ ಇದು ಒಂದು ಪದದ ಕೆಲಸ, ಆದರೂ ಬಹಳ ಮಂದಿ ಮರೆಯುತ್ತಾರೆ.

ಅಂಕಿ ಹೇಳದ ಸಂಗತಿಗಳೂ ಇವೆ. ಒಂದು ಭುಜ ಇಳಿದಿರುವುದು, ಬೆನ್ನು ಸ್ವಲ್ಪ ಬಾಗಿರುವುದು, ಎದೆ ಮುಂದೆ ಮಾಡಿ ನಿಲ್ಲುವ ಅಭ್ಯಾಸ. ಅಂಗಡಿಯಲ್ಲಾದರೆ ಟೈಲರ್ ಕಣ್ಣಲ್ಲೇ ಅಳೆದು ಪುಸ್ತಕದಲ್ಲೊಂದು ಗುರುತು ಹಾಕಿಕೊಳ್ಳುತ್ತಾರೆ. ಸೈಟಿನಲ್ಲಿ ಅದಕ್ಕೆ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಮೂರು ಫೋಟೊ ಕೇಳಿ: ಕ್ಯಾಮೆರಾ ಎದೆಯ ಎತ್ತರದಲ್ಲಿರಲಿ, ಮೈಗೆ ಹೊಂದಿದ ಟೀ ಶರ್ಟ್ ಇದ್ದರೆ ಸಾಕು, ಮುಖ ಬೇಕಿಲ್ಲ. ಫೋಟೊ ಕೊಡಲು ಮುಜುಗರಪಡುವವರಿಗೆ ಗೆರೆಚಿತ್ರಗಳ ನಡುವೆ ಆಯ್ಕೆ ಕೊಡಿ.

ಕೊನೆಯಲ್ಲಿ ಎಲ್ಲ ಅಳತೆಯೂ ಒಂದೇ ಪುಟದಲ್ಲಿ ಕಾಣಿಸಬೇಕು, ‘ಕತ್ತರಿ ಹಾಕುವ ಮೊದಲು ನಮ್ಮ ಟೈಲರ್ ಇದನ್ನು ನೋಡಿ ನಿಮಗೆ ಕರೆ ಮಾಡುತ್ತಾರೆ’ ಎಂಬ ಮಾತಿನೊಂದಿಗೆ. ಹಾಗೆ ಬರೆದ ಮೇಲೆ ನಿಜಕ್ಕೂ ಕರೆ ಮಾಡಬೇಕು.

ಹಂತ 3: ಬಟ್ಟೆಯ ಪುಟ

ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳುವುದು ಜನರ ಅಭ್ಯಾಸ. ತೆರೆಯ ಮೇಲೆ ಕೈಯ ಕೆಲಸವನ್ನು ಪದ ಮತ್ತು ಅಂಕಿ ಮಾಡಬೇಕು. ನೂಲಿನ ವಿವರ, ಪನ್ನ (ಬಟ್ಟೆಯ ಅಗಲ), ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂಬುದು ಇರಲಿ. ಬರೀ ‘120 ಗ್ರಾಂ’ ಎಂದರೆ ಹೆಚ್ಚಿನವರಿಗೆ ತಲೆಬುಡ ತಿಳಿಯುವುದಿಲ್ಲ. ‘ಶರ್ಟಿಗೆ ಹಗುರ, ಬೆಳಕಿಗೆ ಹಿಡಿದರೆ ತುಸು ಪಾರದರ್ಶಕ’ ಎಂದು ಪಕ್ಕದಲ್ಲೇ ಬರೆದರೆ ತಿಳಿಯುತ್ತದೆ.

ಹತ್ತಿ ಬಟ್ಟೆ ನೀರಿಗೆ ಹಾಕಿದರೆ ಎಷ್ಟು ಕುಗ್ಗುತ್ತದೆ ಎಂಬುದನ್ನೂ ಹೇಳಿ. ಶೇಕಡಾ 3 ಎಂದರೆ ಸಣ್ಣದಾಗಿ ಕಾಣುತ್ತದೆ, ಆದರೆ 30 ಇಂಚು ಉದ್ದದ ಶರ್ಟಿನಲ್ಲಿ ಅದು ಮುಕ್ಕಾಲು ಇಂಚಿಗಿಂತ ಜಾಸ್ತಿ. ಕತ್ತರಿಸುವ ಮೊದಲೇ ನೆನೆಸಿ ಒಣಗಿಸುತ್ತೀರಿ ಎಂದಾದರೆ ಅದನ್ನು ದಪ್ಪಕ್ಷರದಲ್ಲಿ ಬರೆಯಿರಿ. ಎಷ್ಟೋ ಟೈಲರ್‌ಗಳು ಇದನ್ನು ಮಾಡುತ್ತಾರೆ, ಸೈಟಿನಲ್ಲಿ ಹೇಳಿಕೊಳ್ಳುವುದೇ ಇಲ್ಲ.

ಬಣ್ಣದ ವಿಷಯದಲ್ಲಿ ಭರವಸೆ ಕೊಡಲು ಹೋಗಬೇಡಿ. ಪ್ರತಿ ತೆರೆಯೂ ಬಣ್ಣವನ್ನು ತನ್ನದೇ ರೀತಿಯಲ್ಲಿ ತೋರಿಸುತ್ತದೆ. ಹಗಲಲ್ಲಿ ಹೊಂದಿಕೊಂಡಂತಿದ್ದ ಎರಡು ಬಟ್ಟೆ ಟ್ಯೂಬ್‌ಲೈಟಿನ ಕೆಳಗೆ ಬೇರೆಬೇರೆಯಾಗಿ ಕಾಣುವುದೂ ಉಂಟು. ಫೋಟೊವನ್ನು ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ತೆಗೆಯಿರಿ. ಪಕ್ಕದಲ್ಲಿ ಬಿಳಿ ಹಾಳೆ ಇಟ್ಟರೆ ಬಣ್ಣ ಸರಿಹೊಂದಿಸಲು ಅನುಕೂಲ. ಒಂದು ಫೋಟೊ ಹರಡಿದ್ದು, ಒಂದು ನೆರಿಗೆಯಾಗಿ ಇಳಿಬಿಟ್ಟಿದ್ದು, ಮತ್ತೊಂದು ಸ್ಕೇಲು ಪಕ್ಕದಲ್ಲಿಟ್ಟು ತೆಗೆದದ್ದು. ಸ್ಕೇಲು ಇಲ್ಲದಿದ್ದರೆ ಚೌಕುಳಿಯ ಗಾತ್ರ ಯಾರಿಗೂ ಅಂದಾಜಾಗುವುದಿಲ್ಲ. ಇಷ್ಟಾದರೂ ಅನುಮಾನಪಡುವವರಿಗೆ ಅಂಗೈ ಅಗಲದ ಬಟ್ಟೆಯ ತುಣುಕನ್ನು ಅಂಚೆಯಲ್ಲಿ ಕಳಿಸುವ ವ್ಯವಸ್ಥೆ ಇರಲಿ.

ಹಂತ 4: ಕೆಲಸದ ಫೋಟೊಗಳು

ಮಾಡೆಲ್‌ಗಳ ಫೋಟೊ ತಂದು ಹಾಕುವುದು ಬೇಡ, ಬೇರೆ ಸೈಟಿನಿಂದ ಎತ್ತಿದ್ದಂತೂ ಬೇಡವೇ ಬೇಡ. ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯ ಈಗ ಎಲ್ಲರ ಫೋನಿನಲ್ಲೂ ಇದೆ.

ಹತ್ತಿರದಿಂದ ತೆಗೆದ ನಾಲ್ಕು ಫೋಟೊ ಸಾಕು. ಜೇಬಿನ ಪಟ್ಟೆ ಎದೆಯ ಪಟ್ಟೆಯೊಂದಿಗೆ ಒಂದೇ ಗೆರೆಯಲ್ಲಿ ಸೇರಿರುವುದು. ಕಾಲರಿನ ಎರಡೂ ತುದಿ ಸಮವಾಗಿರುವುದು. ಕಾಜಾದ ಹೊಲಿಗೆ. ಉಡುಪನ್ನು ಒಳಮಗ್ಗುಲು ತಿರುಗಿಸಿ ತೋರಿಸಿದ ಅಂಚುಗಳು. ಈ ನಾಲ್ಕನೆಯದನ್ನು ತೋರಿಸುವ ಸೈಟುಗಳು ಕಡಿಮೆ, ಬಟ್ಟೆ ಬಲ್ಲವರು ಮೊದಲು ನೋಡುವುದು ಅದನ್ನೇ. ಜೊತೆಗೆ ಬೇರೆಬೇರೆ ಮೈಕಟ್ಟಿನ ನಿಜವಾದ ಗ್ರಾಹಕರ ಫೋಟೊ ಇದ್ದರೆ ಒಳ್ಳೆಯದು. ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರಬೇಕು.

ಫೋನಿನಿಂದ ಬಂದ ಫೋಟೊ ಹಾಗೆಹಾಗೇ ಏರಿಸಿದರೆ ಒಂದೊಂದೂ ಹಲವು ಎಂಬಿ. ಅಗಲವನ್ನು 1,600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ, ಕಡಿಮೆ ಜಾಗ ಹಿಡಿಯುವ ಚಿತ್ರದ ರೂಪದಲ್ಲಿ ಉಳಿಸಿ. ಕಣ್ಣಿಗೆ ವ್ಯತ್ಯಾಸ ಗೊತ್ತಾಗದೆ ಗಾತ್ರ ಬಹಳ ಇಳಿಯುತ್ತದೆ. ಫೋನಿನ ಫೋಟೊದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಅಡಗಿರಬಹುದು. ಗ್ರಾಹಕರು ಮನೆಯಲ್ಲಿ ತೆಗೆದು ಕಳಿಸಿದ್ದನ್ನು ಸೈಟಿಗೆ ಹಾಕುವುದಾದರೆ ಆ ಮಾಹಿತಿಯನ್ನು ಅಳಿಸಿಯೇ ಹಾಕಿ.

ಹಂತ 5: ದರ ಮತ್ತು ದಿನ

‘ದರಕ್ಕಾಗಿ ಸಂಪರ್ಕಿಸಿ’ ಎಂದು ಓದಿದವರು ಸಾಮಾನ್ಯವಾಗಿ ಸಂಪರ್ಕಿಸುವುದಿಲ್ಲ. ಶುರುವಿನ ದರ ಹೇಳಿ, ಅದು ಯಾವುದರಿಂದ ಏರುತ್ತದೆ ಎಂದೂ ಹೇಳಿ: ಲೈನಿಂಗ್, ಪಟ್ಟೆ ಹೊಂದಿಸುವಾಗ ಹೆಚ್ಚು ತಗಲುವ ಬಟ್ಟೆ, ಕೈಹೊಲಿಗೆಯ ಕಾಜಾ, ತುರ್ತು.

ದಿನದ ಲೆಕ್ಕ ಎಲ್ಲಿಂದ ಶುರು ಎಂಬುದು ಜಗಳದ ಮೂಲ. ಆರ್ಡರ್ ಕೊಟ್ಟ ದಿನದಿಂದ ಎಂದು ಗ್ರಾಹಕರು ಎಣಿಸುತ್ತಾರೆ, ಅಳತೆ ಖಚಿತವಾದ ದಿನದಿಂದ ಎಂದು ಟೈಲರ್. ‘ಅಳತೆಯ ಬಗ್ಗೆ ಫೋನಿನಲ್ಲಿ ಮಾತಾಡಿ ಮುಗಿಸಿದ ದಿನದಿಂದ ಇಷ್ಟು ದಿನ’ ಎಂದು ಬಿಡಿಸಿ ಬರೆಯಿರಿ. ಕೈತುಂಬ ಕೆಲಸವಿರುವ ತಿಂಗಳುಗಳಲ್ಲಿ ಹೊಸ ಆರ್ಡರ್ ತೆಗೆದುಕೊಳ್ಳುವ ಫಾರಂ ಮುಚ್ಚಿ, ಮತ್ತೆ ತೆರೆಯುವ ದಿನಾಂಕ ಹಾಕಿ. ‘ನಾಳೆ ಬನ್ನಿ’ ಎಂಬ ಟೈಲರ್‌ಗಳ ಹಳೆಯ ಅಪಕೀರ್ತಿಯನ್ನು ವೆಬ್‌ಸೈಟಿಗೂ ಅಂಟಿಸುವುದು ಬೇಡ. ಕತ್ತರಿಸಿದ್ದಾಯಿತು, ಹೊಲಿಗೆಯಲ್ಲಿದೆ, ಟ್ರಯಲಿಗೆ ಸಿದ್ಧ, ಮುಗಿಯಿತು ಎಂಬ ನಾಲ್ಕು ಸ್ಥಿತಿ ಗ್ರಾಹಕರಿಗೆ ಕಂಡರೆ ‘ಎಲ್ಲಿಗೆ ಬಂತು’ ಎಂಬ ಕರೆಗಳು ತಾನಾಗಿಯೇ ಕಡಿಮೆಯಾಗುತ್ತವೆ.

ಹಂತ 6: ಕೂರದಿದ್ದರೆ ಏನು?

ಇದನ್ನು ನಿಯಮಗಳ ಪುಟದ ತಳದಲ್ಲಿ ಬಚ್ಚಿಡುವವರೇ ಜಾಸ್ತಿ. ನನ್ನ ಕೇಳಿದರೆ ಆರ್ಡರ್ ಗುಂಡಿಯ ಪಕ್ಕದಲ್ಲೇ ಇರಬೇಕಾದ ಮಾತು.

ಒಬ್ಬರ ಅಳತೆಗೆ ಹೊಲಿದದ್ದನ್ನು ಇನ್ನೊಬ್ಬರಿಗೆ ಮಾರಲಾಗದು. ಕಾನೂನೂ ಇದನ್ನು ಒಪ್ಪುತ್ತದೆ: ಐರೋಪ್ಯ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನ ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಕೊಡದೆ ಮರಳಿಸುವ ಹಕ್ಕು ಕೊಡುತ್ತದೆ, ಆದರೆ ಗ್ರಾಹಕರು ಹೇಳಿದಂತೆ ತಯಾರಿಸಿದ ವಸ್ತುಗಳಿಗೆ ವಿನಾಯಿತಿ ಇಟ್ಟಿದೆ. ನಿಮ್ಮ ಗ್ರಾಹಕರಿರುವ ಕಡೆಯ ನಿಯಮವನ್ನು ನೋಡಿಕೊಳ್ಳಿ. ವಿನಾಯಿತಿ ಇದೆ ಎಂದು ‘ಮರಳಿ ಪಡೆಯುವುದಿಲ್ಲ’ ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಹೊಸಬರು ಆರ್ಡರ್ ಕೊಡುವುದಿಲ್ಲ.

ಸರಿಪಡಿಸುವ ಮಾತು ಕೊಡಿ, ಅದರ ಎಲ್ಲೆಯನ್ನೂ ಹೇಳಿ. ಎಷ್ಟು ದಿನದೊಳಗೆ ತಿಳಿಸಬೇಕು, ಸಾಗಣೆ ವೆಚ್ಚ ಯಾರದು, ಎಷ್ಟು ಸಲ. ಬಿಗಿಯಾದದ್ದನ್ನು ಸಡಿಲಿಸಲು ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಿರಬೇಕು. ಪಕ್ಕದ ಹೊಲಿಗೆಯಲ್ಲಿ ಎಷ್ಟು ಬಿಡುತ್ತೀರಿ ಎಂದು ಬರೆದರೆ ಅದೇ ನಿಮ್ಮ ಗ್ಯಾರಂಟಿಯ ಅಳತೆ. ಸೊಂಟ, ಪಕ್ಕ, ಅಂಚಿನ ಉದ್ದ ಸರಿಪಡಿಸುವುದು ಸುಲಭ. ಭುಜ ಕಷ್ಟ. ಕತ್ತರಿಸಿ ಬಿಸಾಡಿದ ಉದ್ದ ಮರಳಿ ಬರುವುದಿಲ್ಲ.

ದೂರಿನ ಫಾರಂ ಕೂಡ ಬುದ್ಧಿವಂತಿಕೆಯಿಂದ ಮಾಡಬಹುದು. ‘ಸರಿಯಿಲ್ಲ’ ಎಂಬ ಒಂದು ಪದದಿಂದ ಟೈಲರ್‌ಗೆ ಏನೂ ತಿಳಿಯುವುದಿಲ್ಲ. ಉಡುಪು ತೊಟ್ಟು, ಕೈ ಇಳಿಬಿಟ್ಟು ನಿಂತ ಮೂರು ಫೋಟೊ ಕೇಳಿ. ಅಡ್ಡಡ್ಡ ಎಳೆತದ ಸುಕ್ಕು ಕಂಡರೆ ಅಲ್ಲಿ ಬಿಗಿ. ಉದ್ದುದ್ದ ಮಡಿಕೆ ಬಿದ್ದರೆ ಅಲ್ಲಿ ಬಟ್ಟೆ ಹೆಚ್ಚು. ನುರಿತವರು ಆ ಫೋಟೊ ನೋಡಿಯೇ ಎಷ್ಟು ಬಿಚ್ಚಬೇಕೆಂದು ಹೇಳಬಲ್ಲರು.

ಹಂತ 7: ತಾಂತ್ರಿಕ ಕೆಲಸ

ಡೊಮೇನ್ ಹೆಸರು, ಅಂದರೆ ಸೈಟಿನ ವಿಳಾಸ, ನಿಮ್ಮದೇ ಹೆಸರಿನಲ್ಲಿ, ನಿಮ್ಮದೇ ಇಮೇಲಿನಲ್ಲಿ ನೋಂದಣಿಯಾಗಿರಲಿ. ನನ್ನ ಹತ್ತಿರ ಬಂದ ಟೈಲರ್ ಒಬ್ಬರ ಹಳೆಯ ಸೈಟು ಕಟ್ಟಿದವರು ಅದನ್ನು ತಮ್ಮ ಹೆಸರಿಗೇ ಮಾಡಿಕೊಂಡಿದ್ದರು. ಆಮೇಲೆ ಅವರು ಫೋನೂ ಎತ್ತಲಿಲ್ಲ, ನವೀಕರಣವೂ ಆಗಲಿಲ್ಲ. ವಿಸಿಟಿಂಗ್ ಕಾರ್ಡು, ಕೈಚೀಲ, ಅಂಗಡಿಯ ಬೋರ್ಡು ಎಲ್ಲದರ ಮೇಲೂ ಇದ್ದ ವಿಳಾಸ ಕೈತಪ್ಪಿತು. ನಾವು ಬೇರೆ ಹೆಸರು ಹುಡುಕಬೇಕಾಯಿತು.

ಗ್ರಾಹಕರು ತುಂಬಿದ್ದನ್ನು ದಾರಿಯಲ್ಲಿ ಬೇರೆಯವರು ಓದದಂತೆ ಕಾಯುವ ಎಚ್‌ಟಿಟಿಪಿಎಸ್ ಕಡ್ಡಾಯ, ಅದರ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯಿಂದ ಉಚಿತವಾಗಿ ಸಿಗುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್ ಇಟ್ಟಿರುವ ಗುರಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬೆಳಕಿನ ಅಂತರವಿರಲಿ ಎನ್ನುತ್ತದೆ ವೆಬ್ ಸುಗಮ್ಯತೆಯ, ಅಂದರೆ ಸೈಟು ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬುದರ, ಮಾನದಂಡ. ಕೆನೆ ಬಣ್ಣದ ಮೇಲೆ ಹೊಂಬಣ್ಣದ ಅಕ್ಷರ ಬಳಸುವ ಚಾಳಿ ಉಡುಪಿನ ಸೈಟುಗಳಿಗೆ ಯಾಕೋ ಅಂಟಿಕೊಂಡಿದೆ, ವಯಸ್ಸಾದವರಿಗೆ ಅದು ಓದಲಾಗುವುದಿಲ್ಲ. ಫೋನ್ ನಂಬರು ಚಿತ್ರದೊಳಗೆ ಇರದೆ, ಒತ್ತಿದರೆ ಕರೆ ಹೋಗುವಂತಿರಲಿ.

ಮೈ ಅಳತೆ ಖಾಸಗಿ ಮಾಹಿತಿ. ಅದನ್ನು ಅಂಗಡಿಯ ಎಲ್ಲರೂ ಇರುವ ಚಾಟ್ ಗುಂಪಿಗೆ ಹೋಗುವಂತೆ ಮಾಡಬೇಡಿ. ಯಾರು ನೋಡುತ್ತಾರೆ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ಅಳಿಸಬೇಕೆಂದರೆ ಯಾರಿಗೆ ಹೇಳಬೇಕು ಎಂಬ ಮೂರು ಸಾಲು ಅಳತೆಯ ಪುಟದಲ್ಲೇ ಇರಲಿ. ಉಳಿಸಿಟ್ಟ ಅಳತೆಯ ಪಕ್ಕ ತಾರೀಖು ಕಾಣಲಿ. ವರ್ಷ ಕಳೆದಿದ್ದರೆ ಮರು ಆರ್ಡರಿನ ಹೊತ್ತಿಗೆ ‘ಮತ್ತೊಮ್ಮೆ ಟೇಪು ಹಿಡಿಯೋಣವೇ?’ ಎಂದು ಕೇಳಬೇಕು. ಮೈ ನಿಂತಲ್ಲೇ ನಿಲ್ಲುವುದಿಲ್ಲವಲ್ಲ.

ಹಂತ 8: ತೆರೆಯುವ ಮೊದಲು ಪರೀಕ್ಷೆ

ಹೊಲಿಗೆಯ ಗಂಧಗಾಳಿ ಇಲ್ಲದ ಮೂವರನ್ನು ಕರೆಯಿರಿ. ಅವರದೇ ಫೋನಿನಲ್ಲಿ ಅಳತೆಯ ಪುಟ ತೆರೆದುಕೊಟ್ಟು, ಒಂದು ಟೇಪು ಕೊಟ್ಟು, ಸುಮ್ಮನೆ ಕುಳಿತು ನೋಡಿ. ಬಾಯಿಬಿಟ್ಟು ಸಹಾಯ ಮಾಡಬಾರದು. ಇದೇ ಎಲ್ಲಕ್ಕಿಂತ ಕಷ್ಟ. ಅವರು ಮುಗಿಸಿದ ಮೇಲೆ ಅದೇ ಮೂವರನ್ನು ಟೈಲರ್ ಕೈಯಲ್ಲಿ ಅಳೆಸಿ, ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಡಿ. ಯಾವ ಅಳತೆಯಲ್ಲಿ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದಿದೆಯೋ ಆ ತೆರೆಯ ಚಿತ್ರ ಅಥವಾ ಸಾಲು ಸರಿಯಿಲ್ಲ ಎಂದರ್ಥ.

ನಾನು ಕಟ್ಟಿದ ಎರಡನೆಯ ಸೈಟಿನಲ್ಲಿ ಮೂವರಲ್ಲಿ ಇಬ್ಬರು ಭುಜವನ್ನು ತೋಳಿನ ಹೊರಬದಿಯವರೆಗೆ ಅಳೆದಿದ್ದರು. ಚಿತ್ರದಲ್ಲಿ ಬಾಣದ ತುದಿ ಅರ್ಧ ಸೆಂಟಿಮೀಟರ್ ಆಚೆ ಹೋಗಿತ್ತು, ಅಷ್ಟೇ. ಬಾಣವನ್ನು ತೆಗೆದು, ಭುಜದ ಮೂಳೆಯ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಇಟ್ಟು, ‘ಬೆರಳಿನಿಂದ ಒತ್ತಿ ನೋಡಿ, ಮೂಳೆ ಮುಗಿಯುವ ಜಾಗ’ ಎಂದು ಬರೆದೆವು. ಮತ್ತೆ ಮೂವರನ್ನು, ಈ ಸಲ ಬೇರೆ ಮೂವರನ್ನು, ಕರೆಸಿದೆವು.